ಚಿತ್ತಾರ ಚೆಂದ ಇದ್ದರೆ ಸಾಲದು, ಚೀಲ ಜಾರಬೇಕು

ಅಮೆರಿಕದ ಒಹಾಯೊದಲ್ಲಿ ಬೇಸಿಗೆ ಬಂತು ಅಂದರೆ ಹುಲ್ಲು ಕಂಡಲ್ಲೆಲ್ಲ ಕಾರ್ನ್‌ಹೋಲ್ ಆಟ. ಇಳಿಜಾರಾಗಿ ನಿಲ್ಲಿಸಿದ ಎರಡು ಹಲಗೆ, ಒಂದೊಂದರಲ್ಲೂ ಒಂದು ತೂತು, 27 ಅಡಿ ದೂರದಿಂದ ಕಾಳಿನ ಚೀಲ ಎಸೆಯಬೇಕು. ತೂತಿಗೆ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ಪ್ರತಿ ಸುತ್ತಿನಲ್ಲೂ ಹೆಚ್ಚು ಅಂಕದಿಂದ ಎದುರಾಳಿಯ ಅಂಕ ಕಳೆದು ಉಳಿದದ್ದಷ್ಟೇ ಮುಂದಿದ್ದವರ ಲೆಕ್ಕಕ್ಕೆ, 21 ಮುಟ್ಟಿದರೆ ಗೆಲುವು. ಆರು ವರ್ಷದ ಮಗುವೂ ಆಡಬಹುದು, ಮಂಡಿ ನೋವಿನ ಅಜ್ಜನೂ ಆಡಬಹುದು.

ನಮ್ಮ ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಇಲ್ಲಿನ ಫುಡ್ ಬ್ಯಾಂಕಿಗೆ, ಅಂದರೆ ಇಲ್ಲದವರಿಗೆ ದಿನಸಿ ಹಂಚುವ ಸಂಸ್ಥೆಗೆ, ದುಡ್ಡು ಕೂಡಿಸುವ ಮಾತು ಬಂದಾಗ, ಚಕ್ಕುಲಿ ಕೋಡುಬಳೆ ಮಾರಾಟ ಹೇಗೂ ಇದ್ದದ್ದೇ, ಈ ಸಲ ಕೈಯಾರೆ ಮಾಡಿದ ಹಲಗೆ ಹರಾಜು ಹಾಕೋಣ ಅಂತ ಕೆಲವರು ಸೇರಿದೆವು.

ಮರಗೆಲಸ ಕಷ್ಟ ಇಲ್ಲ. 2 ಅಡಿ ಅಗಲ, 4 ಅಡಿ ಉದ್ದದ ಅರ್ಧ ಇಂಚಿನ ಪ್ಲೈವುಡ್, ಕೆಳಗೆ ಚೌಕಟ್ಟು, ಹಿಂದೆ ಮಡಚುವ ಎರಡು ಕಾಲು. ಹಿಂಬದಿ ನೆಲದಿಂದ 12 ಇಂಚು ಎತ್ತರ ಬರಬೇಕು. ತೂತು 6 ಇಂಚಿನದು, ಅದರ ನಡುಬಿಂದು ಮೇಲಂಚಿನಿಂದ 9 ಇಂಚು ಕೆಳಗೆ. ಊರಿಂದ ಅಮ್ಮ ವಿಡಿಯೋದಲ್ಲಿ ನೋಡಿ, "ಅಷ್ಟು ಒಳ್ಳೇ ಮಣೆಗೆ ತೂತು ಯಾಕೆ ಕೊರೆದ್ಯೋ?" ಅಂದರು.

ಬಣ್ಣದ ವಿಷಯಕ್ಕೆ ಬಂದಾಗ ನಿಜವಾದ ಚರ್ಚೆ ಶುರು. ಎಲ್ಲದಕ್ಕೂ ಹಳದಿ ಕೆಂಪು ಬಳಿಯೋಣ ಅಂದವರು ಜಾಸ್ತಿ. ಒಂದು ಜೋಡಿಗೆ ಆಯ್ತು, ಎಲ್ಲದಕ್ಕೂ ಬಾವುಟ ಯಾಕೆ? ನಾನು ಹಿಡಿದ ಹಟ ಹಸೆ ಚಿತ್ತಾರದ್ದು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುತ್ತಾರಲ್ಲ, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ, ಅದು. ನೇರ ಗೆರೆಗಳೇ ಹೆಚ್ಚು, ಹಾಗಾಗಿ ಹಲಗೆಗೆ ಚೆನ್ನಾಗಿ ಒಪ್ಪುತ್ತೆ. ನಾವು ಬಳಸಿದ್ದು ಅಂಗಡಿ ಪೇಂಟು, ಅದನ್ನು ಅಸಲಿ ಅಂತ ಮಾರುವ ಹಾಗಿಲ್ಲ. ಯಾರ ಕಲೆ, ಎಲ್ಲಿಯದು ಅಂತ ಪಕ್ಕದಲ್ಲಿ ಚೀಟಿ ಇಟ್ಟೆವು. ಅಷ್ಟಾದರೂ ಮಾಡಬೇಕು ಅಲ್ವಾ?

ಆದರೆ ಇದು ಗೋಡೆ ಅಲ್ಲ. ಚೀಲ ಬಂದು ಬಿದ್ದು, ಜಾರಿ, ತೂತಿನ ಕಡೆ ಹೋಗಬೇಕು. ಬಣ್ಣದ ಗೆರೆ ಬೆರಳಿಗೆ ತಾಗುವಷ್ಟು ಉಬ್ಬಿದ್ದರೂ ಚೀಲ ಅಲ್ಲೇ ತಡೆಯುತ್ತೆ. ಬಟ್ಟೆ ಅಂಟಿಸುವುದು, ಕನ್ನಡಿ ಚೂರು, ಮಿನುಗು ಪುಡಿ, ಇವೆಲ್ಲ ಬೇಡವೇ ಬೇಡ. ಪ್ರೈಮರ್ ಆದ ಮೇಲೆ ಕೆಂಪು ಬಳಿದು, ಪೂರ್ತಿ ಒಣಗಿಸಿ, ಗೆರೆ ಬರುವ ಜಾಗ ಬಿಟ್ಟು ಎರಡೂ ಪಕ್ಕ ಟೇಪ್ ಅಂಟಿಸಿ. ಟೇಪಿನ ಅಂಚಿಗೆ ಮೊದಲು ಅದೇ ಕೆಂಪನ್ನು ಒಂದು ಸಲ ಎಳೆದು ಒಣಗಿಸಿದರೆ ಸಂದು ಮುಚ್ಚಿಕೊಳ್ಳುತ್ತೆ, ಆಮೇಲೆ ಬಳಿದ ಬಿಳಿ ಒಳಗೆ ಹರಿಯುವುದಿಲ್ಲ, ಗೆರೆ ಕತ್ತರಿಸಿದ ಹಾಗೆ ನೀಟಾಗಿ ಬರುತ್ತೆ. ಬಿಳಿಯೂ ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಮೆಲ್ಲಗೆ ಉಜ್ಜಿ. ಮೇಲಿನ ಲೇಪಕ್ಕೆ ನೀರಿನ ಪಾಲಿಯುರೆಥೇನ್ ವಾರ್ನಿಷೇ ತಗೊಳ್ಳಿ, ಎಣ್ಣೆಯದ್ದು ದಿನ ಕಳೆದಂತೆ ಬಿಳಿಯನ್ನು ಹಳದಿ ಮಾಡುತ್ತೆ. ತೆಳ್ಳಗೆ, ಎರಡು ಮೂರು ಸಲ. ಮತ್ತೆ, ಕೈಗೆ ಒಣಗಿದ ಹಾಗೆ ಕಂಡಿತು ಅಂತ ಮುಖಕ್ಕೆ ಮುಖ ಕೊಟ್ಟು ಜೋಡಿಸಿಡಬೇಡಿ, ಸೆಖೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಚೀಲ 6 ಇಂಚಿನ ಚೌಕ, ದಪ್ಪ ಕ್ಯಾನ್ವಾಸ್, ಒಂದೊಂದು ಸುಮಾರು 450 ಗ್ರಾಂ. ಬಣ್ಣಕ್ಕೆ ನಾಲ್ಕರಂತೆ ಎಂಟು. ಹಳೇ ಕಾಲದ ಹಾಗೆ ಮೆಕ್ಕೆಜೋಳ ತುಂಬಬಹುದು, ಆದರೆ ಒದ್ದೆಯಾದರೆ ಮೊಳಕೆ ಬರುತ್ತೆ, ಗ್ಯಾರೇಜಿನಲ್ಲಿಟ್ಟರೆ ಇಲಿಗೆ ಹಬ್ಬ. ಮಾರುವುದಕ್ಕಾದರೆ ಪ್ಲಾಸ್ಟಿಕ್ ಗುಳಿಗೆಯೇ ವಾಸಿ.

ಹರಾಜಿಗೆ ಒಂದೇ ಉಪಾಯ ಹೇಳುತ್ತೇನೆ. ಹಲಗೆಗಳನ್ನು ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟು ಸುಮ್ನೆ ಕೂರಬೇಡಿ. ಒಂದು ಜೋಡಿಯನ್ನು ಹುಲ್ಲಿನ ಮೇಲಿಟ್ಟು, ಡಾಲರ್ ಕೊಟ್ಟವರಿಗೆ ಆಡಲು ಬಿಡಿ. ಆಡಿದವರೇ ಹೋಗಿ ಹರಾಜಿನ ಹಾಳೆಯಲ್ಲಿ ಹೆಚ್ಚಿನ ಬೆಲೆ ಬರೆಯುತ್ತಾರೆ. ಹಳದಿ ಕೆಂಪಿಗೆ ನಮ್ಮವರಲ್ಲೇ ಪೈಪೋಟಿ ನಡೆಯಿತು. ಚಿತ್ತಾರದ ಜೋಡಿ ಹೋದದ್ದು ಅಲ್ಲಿಗೆ ನಾಯಿ ಕರ್ಕೊಂಡು ವಾಕಿಂಗ್ ಬಂದಿದ್ದ ಒಬ್ಬ ಅಮೆರಿಕನ್ ಅಜ್ಜನಿಗೆ. ಚೀಟಿ ಎರಡು ಸಲ ಓದಿ, ಅದನ್ನೂ ಕೊಡಿ ಅಂತ ಕೇಳಿ ಜೇಬಿಗೆ ಹಾಕಿಕೊಂಡರು.