ಅದು ಹೆಂಗ್ ಗೊತ್ತಾತು?

ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಅಂತ ಈಗಿನ ಹೆಡ್‌ಮೇಡಂ ಫೋನ್ ಮಾಡಿದ್ದರು. ಫೋನ್ ಇಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಒಂದು ಚಾಕ್‌ಪೀಸ್ ಡಬ್ಬಿ.

ಎಂಟನೇ ತರಗತಿಯ ಕಿಟಕಿ ಕಟ್ಟೆಯ ಮೇಲೆ ಅದು ಇರುತ್ತಿತ್ತು. ರಟ್ಟಿನ ಡಬ್ಬಿ. ಮುಚ್ಚಳಕ್ಕೆ ಬ್ಲೇಡಿನಿಂದ ಕೊರೆದ ಒಂದು ಸೀಳು. ಇಟ್ಟವರು ನಮ್ಮ ವಿಜ್ಞಾನದ ಸರ್. ಜಗತ್ತಿನ ಬಗ್ಗೆ ಏನಾದರೂ ಸೋಜಿಗದ ಸಂಗತಿ ಗೊತ್ತಾದರೆ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ಶನಿವಾರ ಬೆಳಗಿನ ಶಾಲೆ ಅಲ್ವಾ, ಕವಾಯತು ಮುಗಿಸಿ ಬೆವರು ಒರೆಸಿಕೊಂಡು ಒಳಗೆ ಬರುತ್ತಿದ್ದೆವು. ಮೊದಲ ಪಿರಿಯಡ್‌ನಲ್ಲೇ ಸರ್ ಡಬ್ಬಿ ಬಿಚ್ಚುತ್ತಿದ್ದರು.

ಚೀಟಿಗೆ ಒಂದು ನಿಯಮ ಇತ್ತು. ನಡುವೆ ಒಂದು ಗೆರೆ ಎಳೀಬೇಕು. ಗೆರೆಯ ಮೇಲೆ ಸಂಗತಿ. ಗೆರೆಯ ಕೆಳಗೆ, ಅದು ಹೆಂಗ್ ಗೊತ್ತಾತು ಅನ್ನೋದು. ಯಾರು ಅಳೆದರು, ಯಾರು ನೋಡಿದರು, ಹೇಗೆ ಲೆಕ್ಕ ಹಾಕಿದರು. ಕೆಳಗಿನ ಅರ್ಧ ಖಾಲಿ ಇದ್ದರೆ ಸರ್ ಬೈಯುತ್ತಿರಲಿಲ್ಲ, ಚೀಟಿ ಹರಿಯುತ್ತಲೂ ಇರಲಿಲ್ಲ. "ಇದು ಇನ್ನೂ ಹಣ್ಣಾಗಿಲ್ಲ, ಇರ್ಲಿ" ಅಂತ ಮಡಿಚಿ ಮತ್ತೆ ಡಬ್ಬಿಗೇ ಹಾಕುತ್ತಿದ್ದರು.

ನಾನು ಆ ಶಾಲೆಯಲ್ಲಿದ್ದದ್ದು 1994ರಿಂದ 1997ರವರೆಗೆ. ಕೈಯಲ್ಲಿ ಮೊಬೈಲ್ ಇಲ್ಲದ ಕಾಲ. ಪೇಪರಿನ ಮೂಲೆಯ ಸುದ್ದಿ, ಶೇಂಗಾ ಕಟ್ಟಿಕೊಟ್ಟ ಪೊಟ್ಟಣದ ಕಾಗದ, ಲೈಬ್ರರಿಯ ಹಳೆ ಪುಸ್ತಕ, ಇವೇ ನಮ್ಮ ಮೂಲ. ಬಳ್ಳಾರಿಯ ಬಿಸಿಲಲ್ಲಿ ಆ ಪೊಟ್ಟಣದ ಕಾಗದ ಬಿಡಿಸಿ ಓದುತ್ತಾ ಮನೆಗೆ ನಡೆದು ಹೋಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಮೊದಲ ಚೀಟಿ ಶುಕ್ರ ಗ್ರಹದ್ದು. "ಶುಕ್ರನಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ದೊಡ್ಡದು." ಇಡೀ ತರಗತಿ ಗೊಳ್ ಅಂತು. ದಿನ ಸೇರಿ ತಾನೇ ವರ್ಷ ಆಗೋದು, ಅದು ಹೆಂಗ್ ದೊಡ್ಡದಾಗುತ್ತೆ? ಸರ್ ಏನೂ ಹೇಳಲಿಲ್ಲ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. ಒಬ್ಬ ಹುಡುಗನನ್ನು ಧ್ವಜಕಂಬದ ಹತ್ತಿರ ನಿಲ್ಲಿಸಿ ಅವನನ್ನು ಸೂರ್ಯ ಮಾಡಿದರು. ನನ್ನನ್ನು ಶುಕ್ರ ಮಾಡಿದರು. ಶುಕ್ರ ಸೂರ್ಯನ ಸುತ್ತ ಒಮ್ಮೆ ಬರೋಕೆ 225 ದಿನ. ತನ್ನ ಸುತ್ತ ತಾನು ಒಮ್ಮೆ ತಿರುಗೋಕೆ 243 ದಿನ. ಅದೂ ಭೂಮಿ ತಿರುಗುವ ದಿಕ್ಕಿಗೆ ಉಲ್ಟಾ. ನಾನು ನಿಧಾನಕ್ಕೆ ಉಲ್ಟಾ ತಿರುಗುತ್ತಾ ಕಂಬದ ಸುತ್ತ ನಡೆದೆ. ಹೊರಟ ಜಾಗಕ್ಕೆ ಬಂದು ನಿಂತಾಗ ನನ್ನ ಮುಖ ಮೊದಲಿದ್ದ ದಿಕ್ಕಿಗೆ ಇನ್ನೂ ಪೂರ್ತಿ ಬಂದಿರಲಿಲ್ಲ. ವರ್ಷ ಮುಗಿದಿತ್ತು, ಸುತ್ತು ಮುಗಿದಿರಲಿಲ್ಲ!

ಅಷ್ಟಕ್ಕೇ ಸರ್ ಬಿಡಲಿಲ್ಲ. "ನಡೆಯುವಾಗ ಸೂರ್ಯ ನಿನಗೆ ಎಷ್ಟು ಸಲ ಎದುರಾದ?" ಅಂದರು. ಮತ್ತೆ ನಡೆದೆ. ಹೆಚ್ಚುಕಮ್ಮಿ ಎರಡು ಸಲ. "ಹಾಗಾದ್ರೆ ದಿನ ಅಂದ್ರೆ ಯಾವುದು? ಒಂದು ಸುತ್ತು ತಿರುಗೋದಾ, ಸೂರ್ಯ ಹುಟ್ಟಿ ಮತ್ತೆ ಹುಟ್ಟೋದಾ?" ಸೂರ್ಯೋದಯದಿಂದ ಸೂರ್ಯೋದಯ ಅಂತ ಹಿಡಿದರೆ ಶುಕ್ರನ ದಿನ ನಮ್ಮ ಸುಮಾರು 117 ದಿನ. ವರ್ಷಕ್ಕಿಂತ ಚಿಕ್ಕದೇ. ನನ್ನ ಚೀಟಿ ಅರ್ಧ ನಿಜ, ಅರ್ಧ ಮಾತಿನ ಗೊಂದಲ. ಪುಸ್ತಕಗಳಲ್ಲಿ ಈಗಲೂ ಆ ವಾಕ್ಯ ಹಾಗೇ ಅಚ್ಚಾಗುತ್ತಿರುತ್ತದೆ. ಓದಿದಾಗಲೆಲ್ಲ ನನಗೆ ಧ್ವಜಕಂಬ ನೆನಪಾಗುತ್ತದೆ.

ಇನ್ನು ಗೆರೆಯ ಕೆಳಗಿನ ಮಾತು. ಶುಕ್ರನ ಮೇಲೆ ಯಾವಾಗಲೂ ದಟ್ಟ ಮೋಡ. ದೂರದರ್ಶಕದಲ್ಲಿ ನೋಡಿದರೆ ನೆಲ ಕಾಣೋದೇ ಇಲ್ಲ. ಅದು ಎಷ್ಟು ನಿಧಾನ ತಿರುಗುತ್ತೆ ಅಂತ ತಿಳಿದದ್ದು 1960ರ ದಶಕದಲ್ಲಿ, ಭೂಮಿಯಿಂದ ರೇಡಾರ್ ಅಲೆ ಕಳಿಸಿ ವಾಪಸ್ ಬಂದ ಪ್ರತಿಧ್ವನಿ ಕೇಳಿದ ಮೇಲೆ.

ಒಂದು ಶನಿವಾರ ಸರ್ ತಾವೇ ಒಂದು ಸಂಗತಿ ಹೇಳಿದರು. ಚಂದ್ರನ ಮೇಲೆ ನಿಂತು ನೋಡಿದರೆ ಕಾಣುವ, ಮನುಷ್ಯ ಕಟ್ಟಿದ ಒಂದೇ ಕಟ್ಟಡ ಚೀನಾದ ಮಹಾಗೋಡೆ ಅಂತ. ಆ ಕಾಲದ ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಅದು ಹೆಂಗ್ ಗೊತ್ತಾತು?" ತರಗತಿ ಸ್ತಬ್ಧ ಆಯಿತು. ಸರ್ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಚಾಕ್‌ಪೀಸ್ ಅವಳ ಕೈಗೇ ಕೊಟ್ಟರು. ಗೋಡೆಯ ಅಗಲ ಹೆಚ್ಚೆಂದರೆ ಏಳೆಂಟು ಮೀಟರ್. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರ. ಬೋರ್ಡಿನ ಮೇಲೆ ಸೊನ್ನೆಗಳು ಸಾಲು ನಿಂತವು. ಕೊನೆಗೆ ಬಂದ ಲೆಕ್ಕ ಇದು: ಚಂದ್ರನಿಂದ ಗೋಡೆ ನೋಡೋದು ಅಂದರೆ ನಮ್ಮ ಕೋಟೆಗುಡ್ಡದ ಮೇಲೆ ಕೂತು ಐದು ಕಿಲೋಮೀಟರ್ ಆಚೆ ಬಿದ್ದಿರುವ ಒಂದು ತಲೆಗೂದಲನ್ನು ನೋಡಿದ ಹಾಗೆ. ಗೋಡೆ ಉದ್ದ ಎಷ್ಟಿದ್ದರೇನು, ಕೂದಲು ಉದ್ದ ಇದ್ದ ಮಾತ್ರಕ್ಕೆ ಕಾಣುತ್ತಾ?

ಮುಂದಿನ ಶನಿವಾರ ಡಬ್ಬಿಯಿಂದ ಮೊದಲು ಬಂದ ಚೀಟಿ ಸರ್ ಅವರ ಅಕ್ಷರದಲ್ಲಿತ್ತು. "ಕಳೆದ ವಾರ ನಾನು ಹೇಳಿದ್ದು ತಪ್ಪು." ಗೆರೆಯ ಕೆಳಗೆ ಆ ಹುಡುಗಿಯ ಲೆಕ್ಕ, ಪೂರ್ತಿ. ಜೋರಾಗಿ ಓದಿದರು. ದೊಡ್ಡವರು ಮಕ್ಕಳ ಮುಂದೆ ಹಾಗೆ ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಭೂಮಿಯನ್ನು ಸುತ್ತಿ ಬಂದು, ಗೋಡೆ ತನಗೆ ಕಾಣಲಿಲ್ಲ ಅಂದರು. ಅವರು ಇದ್ದದ್ದು ಚಂದ್ರನಷ್ಟು ದೂರ ಅಲ್ಲ, ಕೆಲವು ನೂರು ಕಿಲೋಮೀಟರ್ ಮೇಲೆ ಅಷ್ಟೇ. ಆ ಸುದ್ದಿ ಓದಿದ ದಿನ ಆ ಗೆಳತಿಯ ನೆನಪು ತುಂಬಾ ಬಂತು.

ಹೀಗೆ ಎಷ್ಟೋ ಚೀಟಿಗಳು. ಬಾಳೆಹಣ್ಣು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ, ಸ್ಟ್ರಾಬೆರ್ರಿ ಮಾತ್ರ ಬೆರ್ರಿ ಅಲ್ಲ. ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಹಿಮ ತುಂಬಿದ ಅಂಟಾರ್ಕ್ಟಿಕಾ. ಭೂಮಿಯ ನಡುಮಧ್ಯದಿಂದ ಅಳೆದರೆ ಅತಿ ದೂರದ ತುದಿ ಎವರೆಸ್ಟ್ ಅಲ್ಲ, ಈಕ್ವೆಡಾರ್ ದೇಶದ ಚಿಂಬೊರಾಜೊ, ಯಾಕಂದ್ರೆ ಭೂಮಿ ಸೊಂಟದ ಹತ್ತಿರ ಉಬ್ಬಿಕೊಂಡಿದೆ. ಆಕ್ಟೋಪಸ್‌ಗೆ ಮೂರು ಹೃದಯ, ರಕ್ತ ನೀಲಿ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರಲ್ಲಿ ತಾಮ್ರ ಮಾಡುತ್ತದೆ.

ಕಬ್ಬಿಣ ಅಂದ ಕೂಡಲೇ ಸಂಡೂರಿನ ಗೆಳೆಯ ಎದ್ದು ನಿಂತ. ಹಾಸ್ಟೆಲಿನಲ್ಲಿದ್ದವನು. ರಜಕ್ಕೆ ಊರಿಗೆ ಹೋಗಿ ಬಂದರೆ ಅವನ ಬಿಳಿ ಅಂಗಿಯ ಕಾಲರ್ ಕೆಂಪಗಿರುತ್ತಿತ್ತು. ಎಷ್ಟು ಒಗೆದರೂ ಆ ಧೂಳು ಹೋಗುತ್ತಿರಲಿಲ್ಲ. ಅವನು ಊರಿಂದ ಒಂದು ಅದಿರಿನ ಕಲ್ಲು ತಂದಿದ್ದ. ಸರ್ ಅದನ್ನು ಸ್ಟೀಲ್ ಲೋಟದ ನೀರಲ್ಲಿ ಅದ್ದಿ ತೆಗೆದರು. ಒಣಗಿದ್ದಾಗ ಸುಮ್ನೆ ಕೆಂಪು ಕಲ್ಲು. ಒದ್ದೆಯಾದ ಮೇಲೆ ಅದರಲ್ಲಿ ಗೆರೆಗಳು ಎದ್ದವು. ಒಂದು ಕಪ್ಪು, ಒಂದು ಕೆಂಪು, ಮತ್ತೆ ಕಪ್ಪು, ಇಳಕಲ್ ಸೀರೆಯ ಅಂಚಿನ ಹಾಗೆ. "ಇದು ಸಮುದ್ರದ ತಳ ಕಣ್ರೋ" ಅಂದರು. 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರ. ಆಗಿನ ನೀರಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಬಿಸಿಲು ಕುಡಿದು ಬದುಕುತ್ತಿದ್ದವು. ಅವುಗಳಿಂದಾಗಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಪದರದ ಮೇಲೆ ಪದರ. ಮೀನು, ಮರ, ಹುಲ್ಲು ಯಾವುದೂ ಹುಟ್ಟುವ ಮೊದಲಿನ ಮಾತು. ಗೆಳೆಯ ತನ್ನ ಕಾಲರ್ ಮುಟ್ಟಿಕೊಂಡು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಗಣಿ ಲಾರಿ ಹೋದಾಗ ನಮ್ಮ ಮುಖಕ್ಕೆ ಹಾರುವ ಧೂಳು ಅಷ್ಟು ಹಳೆಯದು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ದಿನ ಅಂದರೆ ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಹೋದ ದಿನ. ಒಂಬತ್ತನೇ ತರಗತಿ, ಡಿಸೆಂಬರ್ ತಿಂಗಳು. ಸೈಕಲ್ ಇದ್ದವರು ತುಳಿದರು, ಇಲ್ಲದವರು ಹಿಂದೆ ಕ್ಯಾರಿಯರ್ ಮೇಲೆ ಕೂತರು. ಅದರ ಪಕ್ಕದ ಕಪ್ಪಗಲ್ಲಿನ ಗುಡ್ಡ ಹತ್ತಿದೆವು. ಬೆಳ್ಳನೆ ಬಂಡೆಗಳ ನಡುವೆ ಕಪ್ಪು ಕಲ್ಲಿನ ಒಂದು ಪಟ್ಟಿ ಮೇಲಿನಿಂದ ಕೆಳಗೆ ಹರಿದಿದೆ. ಆ ಕರಿಕಲ್ಲಿನ ಮೇಲೆ ಡುಬ್ಬದ ಎತ್ತುಗಳ ಚಿತ್ರ, ಉದ್ದ ಕೊಂಬು, ಕೈ ಎತ್ತಿದ ಮನುಷ್ಯರು. ಕುಟ್ಟಿ ಕುಟ್ಟಿ ಮೂಡಿಸಿದ್ದು.

ಸರ್ ಒಂದು ಕಲ್ಲಿನ ಮುಂದೆ ನಿಂತರು. ಅದರ ಮೇಲೆ ಬಟ್ಟಲಿನಂತಹ ಸಣ್ಣ ಸಣ್ಣ ಗುಳಿಗಳಿದ್ದವು. ಕೈಗೆ ಸಿಗುವಷ್ಟು ದೊಡ್ಡ ಗುಂಡುಕಲ್ಲು ತೆಗೆದುಕೊಂಡು ಒಂದು ಗುಳಿಗೆ ಮೆಲ್ಲಗೆ ತಟ್ಟಿದರು. ಕಲ್ಲು ಟಕ್ ಅನ್ನಲಿಲ್ಲ. ಠಣ್ ಅಂತು. ಗುಡಿಯ ಗಂಟೆಯ ಹಾಗೆ, ಆದರೆ ಗಂಟೆಗಿಂತ ಗಟ್ಟಿ, ಗಂಭೀರ. ಶಬ್ದ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಮತ್ತೆ ತಟ್ಟಿ ಅಂಗೈ ಒತ್ತಿದರು. ಶಬ್ದ ತಟ್ಟನೆ ಸತ್ತಿತು. ನಾವೆಲ್ಲ ಒಬ್ಬೊಬ್ಬರಾಗಿ ಕಲ್ಲಿನ ಮೇಲೆ ಕೈ ಇಟ್ಟೆವು. ಬೇರೆಯವರು ತಟ್ಟಿದಾಗ ಕಲ್ಲು ಅಂಗೈ ಕೆಳಗೆ ನಡುಗುವುದು ಗೊತ್ತಾಗುತ್ತಿತ್ತು.

ಮೂರೂವರೆ, ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ಜನ ಇದ್ದರು, ದನ ಸಾಕಿದ್ದರು, ಈ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅವರೇ ಈ ಕಲ್ಲುಗಳನ್ನು ಬಾರಿಸಿದ್ದು. ಯಾರೋ ಕೇಳಿದರು, ಹೆಂಗ್ ಗೊತ್ತಾತು ಸರ್? ಅವರು ಗುಳಿಯೊಳಗೆ ಬೆರಳಾಡಿಸಿ ಅಂದರು, ಮಳೆ ಬಿದ್ದರೆ ಹೀಗೆ ಸವೆಯಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಮಾತ್ರ ಹೀಗಾಗುತ್ತೆ. ನಾನೂ ಬೆರಳಿಟ್ಟೆ. ಗುಳಿಯ ತಳ ನುಣ್ಣಗಿತ್ತು.

ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಯಾರದೋ ಡಬ್ಬಿಯಲ್ಲಿ ಒಗ್ಗಾಣಿ ಮಿರ್ಚಿ. ಮಿರ್ಚಿ ಕಚ್ಚುತ್ತಾ ಸರ್, "ಕೃಷ್ಣದೇವರಾಯನ ಅಜ್ಜನಿಗೆ ಇದರ ರುಚಿ ಗೊತ್ತಿರಲಿಲ್ಲ" ಅಂದರು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿ ತಲುಪಿದ್ದು 1492ರಲ್ಲಿ, ವಾಸ್ಕೋ ಡ ಗಾಮ ನಮ್ಮ ಕರಾವಳಿಗೆ ಬಂದಿದ್ದು 1498ರಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾಯಿ ಅದು. ಅದಕ್ಕೆ ಸಾಕ್ಷಿ ನಮ್ಮ ಬಾಯಲ್ಲೇ ಇದೆ. ಮೆಣಸು ಮೊದಲೇ ಇತ್ತು. ಅದರ ಹಾಗೆ ಖಾರ ಇರುವ ಹೊಸ ಕಾಯಿ ಬಂದಾಗ ಮೆಣಸಿನ-ಕಾಯಿ ಅಂದರು. ಶೇಂಗಾ, ಆಲೂಗಡ್ಡೆ, ಟೊಮೆಟೊ, ಪಪ್ಪಾಯ, ಪೇರಲ, ಎಲ್ಲ ಅದೇ ದಾರಿಯವು. ಸಾವಿರಾರು ವರ್ಷದಿಂದ ನಮ್ಮದೇ ಅಂದುಕೊಂಡ ಜೋಳವೂ ಮೂಲದಲ್ಲಿ ಆಫ್ರಿಕಾದ್ದು.

ಹಾಗಾದರೆ ಇಲ್ಲಿನದು ಅಂತ ಯಾವುದು? ಆ ದಿನ ಈ ಪ್ರಶ್ನೆ ಹಾಗೇ ಉಳಿಯಿತು. ಉತ್ತರ ನಮಗೆ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ, ಅದೂ ಅದೇ ಸಂಗನಕಲ್ಲಿನ ಮಣ್ಣಿನಿಂದ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ. ಹಾಗೆ ತೇಲಿ ಬಂದವು ಹುರುಳಿ, ಹೆಸರು, ಕೊರಲೆ. ದಕ್ಷಿಣ ಭಾರತದ ಮೊದಲ ರೈತರು ಬೆಳೆದ ಕಾಳುಗಳು. ಅಮ್ಮ ಹುರುಳಿ ಸಾರು ಮಾಡಿದರೆ ಚಿಕ್ಕವನಿದ್ದಾಗ ಮುಖ ತಿರುಗಿಸುತ್ತಿದ್ದೆ. ಈಗ ಎರಡನೇ ಸಲ ಬಡಿಸಿಕೊಂಡು ಉಣ್ಣುತ್ತೇನೆ.

ಈಗಿನ ಮಕ್ಕಳಿಗೆ ಒಂದು ಮಾತು. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದ ಭೂವಿಜ್ಞಾನಿ ಅವರು. ನಮ್ಮ ಗುಡ್ಡಗಳನ್ನೂ ಸುತ್ತಿದವರು. ಹೋಗಿ ಆ ಕೊಡಲಿಗಳನ್ನು ನೋಡಿ. ಗುಡ್ಡಕ್ಕೂ ಹೋಗಿ, ಆದರೆ ಚಿತ್ರಗಳ ಮೇಲೆ ಹೆಸರು ಕೆತ್ತಬೇಡಿ.

ಹತ್ತನೇ ತರಗತಿ ಮುಗಿಸಿ ಶಾಲೆ ಬಿಡುವ ದಿನ ಸರ್ ಹಣ್ಣಾಗದ ಚೀಟಿಗಳನ್ನೆಲ್ಲ ಅವರವರಿಗೆ ವಾಪಸ್ ಕೊಟ್ಟರು. ನನ್ನದೂ ಒಂದಿತ್ತು. ನಮ್ಮ ಸೋದರಮಾವ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಒಂದು ಟನ್ ಕಲ್ಲು ಅರೆದರೆ ಸಿಗೋದು ಕೆಲವೇ ಗ್ರಾಂ ಚಿನ್ನ ಅಂತ ಹೇಳುತ್ತಿದ್ದರು. ಅದನ್ನು ಕೇಳಿ ನಾನು ಬರೆದಿದ್ದು: "ಹಟ್ಟಿಯ ಚಿನ್ನ ಭೂಮಿಯಲ್ಲಿ ಹುಟ್ಟಿದ್ದಲ್ಲ, ನಕ್ಷತ್ರಗಳಲ್ಲಿ ಹುಟ್ಟಿದ್ದು." ಎಲ್ಲೋ ಓದಿದ್ದೆ. ಗೆರೆಯ ಕೆಳಗೆ ಖಾಲಿ. ಆ ಚೀಟಿ ಇಪ್ಪತ್ತು ವರ್ಷ ನನ್ನ ಟ್ರಂಕಿನಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆಗಿತ್ತು. ಕಾಗದ ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ. ಈ ಲೇಖನದ ಜೊತೆ ಅದನ್ನು ಶಾಲೆಗೆ ಕಳಿಸುತ್ತಿದ್ದೇನೆ. ಕೆಳಗಿನ ಅರ್ಧ ಈಗ ಹೀಗಿದೆ:

"2017ರ ಆಗಸ್ಟ್ 17. ಗುರುತ್ವದ ಅಲೆಗಳನ್ನು ಹಿಡಿಯುವ, ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ ಉಪಕರಣಗಳಿಗೆ ಒಂದು ಅಲೆ ತಾಗಿತು. 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಿದ್ದವು. ಒಂದೊಂದರ ಅಗಲ ಒಂದು ಊರಿನಷ್ಟು, ತೂಕ ಸೂರ್ಯನಿಗಿಂತ ಜಾಸ್ತಿ. ಜಗತ್ತಿನ ದೂರದರ್ಶಕಗಳೆಲ್ಲ ಆ ಕಡೆ ತಿರುಗಿದವು. ದಿನ ಕಳೆದಂತೆ ಅದರ ಬೆಳಕು ನೀಲಿಯಿಂದ ಕೆಂಪಿಗೆ ತಿರುಗಿತು. ಚಿನ್ನ, ಪ್ಲಾಟಿನಂನಂತಹ ಭಾರದ ಧಾತುಗಳು ಹುಟ್ಟುವಾಗ ಬೆಳಕು ಹಾಗೇ ಬದಲಾಗಬೇಕು ಅಂತ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಹಂಗ್ ಗೊತ್ತಾತು, ಸರ್."