ಆ ಕಲ್ಲನ್ನು ನೀವು ನೋಡಿದ್ದೀರಾ?

ಕಳೆದ ಮೇ 24ಕ್ಕೆ ಅತ್ತಿಗೆ ಸೋಫಿಯಾದಲ್ಲೇ ಇದ್ದರು. ಬಲ್ಗೇರಿಯಾದಲ್ಲಿ ಅವತ್ತು ಅಕ್ಷರಗಳ ಹಬ್ಬ, ಊರಿಗೆಲ್ಲ ರಜೆ. ಹಿಂದಿನ ದಿನ ಪಕ್ಕದ ಮನೆಯಾಕೆಗೆ ಕೊಡಲು ಅತ್ತಿಗೆ ಆರು ಗುಲಾಬಿ ಆರಿಸಿದ್ದರು. ಹೂವಿನಂಗಡಿಯವಳು ಇನ್ನೊಂದು ಸೇರಿಸಿ ಏಳು ಮಾಡಿ ಕಟ್ಟಿದಳು. ಸರಿಸಂಖ್ಯೆಯ ಹೂವು ಇಲ್ಲಿ ಸತ್ತವರಿಗೆ. "ಮುಯ್ಯಿಗೆ ನಾವೂ ನೂರಾ ಒಂದೇ ಅಲ್ವೇನೇ ಹಾಕೋದು" ಎಂದು ಅತ್ತಿಗೆ ಆ ಪದ್ಧತಿಯನ್ನು ತಕ್ಷಣ ತಮ್ಮದಾಗಿಸಿಕೊಂಡರು.

ಹಬ್ಬದ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿಯೂ ನಮ್ಮ ಜೊತೆ ಬಂದಳು. ಮೂರನೇ ಕ್ಲಾಸಿನವಳು. ರಾಷ್ಟ್ರೀಯ ಗ್ರಂಥಾಲಯದ ಮುಂದೆ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರ ಪ್ರತಿಮೆಗೆ ಹೂವಿನ ಅಲಂಕಾರ, ಸುತ್ತ ಶಾಲೆಯ ಮಕ್ಕಳು. ಒಂಬತ್ತನೇ ಶತಮಾನದಲ್ಲಿ ಸ್ಲಾವ್ ನುಡಿಗೆ ಲಿಪಿ ಕಟ್ಟಿಕೊಟ್ಟವರು ಇವರು. ಈಗಿನ ಸಿರಿಲಿಕ್ ರೂಪುಗೊಂಡದ್ದು ಅವರ ಶಿಷ್ಯರ ಕಾಲದಲ್ಲಿ, ಇದೇ ನೆಲದಲ್ಲಿ. ಮಗು ಐದು ಯೂರೋ ನೋಟು ತೆಗೆದು, ಅದರ ಮೇಲೆ ತನ್ನ ಲಿಪಿಯಲ್ಲಿರುವ ಪದವನ್ನು ಬೆರಳಿಟ್ಟು ತೋರಿಸಿದಳು. ಅತ್ತಿಗೆ ಬಿಡುತ್ತಾರೆಯೇ? ಪರ್ಸಿನಿಂದ ನೂರರ ನೋಟು ತೆಗೆದು, ಹಿಂಬದಿಯ ಸಾಲಿನಲ್ಲಿ ಮೇಲಿನಿಂದ ನಾಲ್ಕನೆಯದಾದ 'ನೂರು ರೂಪಾಯಿಗಳು' ತೋರಿಸಿದರು. ನಮ್ಮ ಅಕ್ಷರ 49 ಎಂದಾಗ ಹುಡುಗಿ ಕಣ್ಣರಳಿಸಿದಳು. ಅವಳದು 30.

ಅಲ್ಲಿಂದ ಪುರಾತತ್ವ ಮ್ಯೂಸಿಯಂಗೆ ಹೋದೆವು. ಹದಿನೈದನೇ ಶತಮಾನದ ಮಸೀದಿಯಲ್ಲಿರುವ ಮ್ಯೂಸಿಯಂ ಅದು. ಗುಮ್ಮಟಗಳ ಕೆಳಗಿನ ಶಾಸನಗಳ ನಡುವೆ ನಿಂತು ಅವಳು ಕೇಳಿದಳು:

"ನಿಮ್ಮ ಅಕ್ಷರ ಇರುವ ಹಳೇ ಕಲ್ಲು ಯಾವುದು?"

ಹಲ್ಮಿಡಿ ಎಂದೆ. ಐದನೇ ಶತಮಾನದ್ದು, ನಮ್ಮ ಬೇಲೂರು ತಾಲ್ಲೂಕಿನಲ್ಲೇ ಸಿಕ್ಕಿದ್ದು ಎಂದು ಹೆಮ್ಮೆಯಿಂದಲೇ ಹೇಳಿದೆ.

"ನೀವು ನೋಡಿದ್ದೀರಾ?"

ಇಲ್ಲವೆಂದು ತಲೆಯನ್ನು ಅಡ್ಡಡ್ಡ ಆಡಿಸಿದೆ. ಈ ದೇಶದಲ್ಲಿ ಅದರರ್ಥ 'ಹೌದು'. ಇಷ್ಟು ವರ್ಷವಾದರೂ ನನ್ನ ಕತ್ತು ಇದನ್ನು ಕಲಿತಿಲ್ಲ. ಮಗುವಿನ ಮುಖ ಅರಳಿಹೋಯಿತು. ತಿದ್ದಬೇಕಿತ್ತು, ಬಾಯಿ ಬರಲಿಲ್ಲ.

ಬೇಲೂರಿನಲ್ಲಿ ಅಜ್ಜಿ ಮನೆ. ಪ್ರತಿ ರಜೆಗೂ ಚೆನ್ನಕೇಶವನ ಗುಡಿ, ಮದನಿಕೆಯರು, ಪ್ರಸಾದದ ಸಾಲು. ಹಲ್ಮಿಡಿಗೆ ಒಬ್ಬರೂ ಕರೆದುಕೊಂಡು ಹೋಗಲಿಲ್ಲ. ಮೇಷ್ಟರು ಬರೆಸಿದ್ದು ಒಂದು ಅಂಕದ ಉತ್ತರ: ಕನ್ನಡದ ಮೊದಲ ಶಾಸನ ಯಾವುದು? ಊರಿನಲ್ಲೀಗ ಪ್ರತಿಕೃತಿ ನಿಂತಿದೆ, ಮೂಲ ಕಲ್ಲು ಮೈಸೂರಿನಲ್ಲಿದೆ. ಅದೇ ಮೈಸೂರಿನಲ್ಲಿ ಐದು ವರ್ಷ ಓದಿದೆ. ಪ್ರತಿ ನವೆಂಬರಿನಲ್ಲೂ ಬಾವುಟ ಹಿಡಿದು ಕೂಗಿದೆ. ಆ ಕಲ್ಲಿನ ಮುಂದೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಸಂಜೆ ಇವಾನ್ ವಾಜೊವ್ ನಾಟಕಶಾಲೆಯ ಮುಂದಿನ ತೋಟದಲ್ಲಿ ಕೂತೆವು. ಒಬ್ಬ ಸಾಹಿತಿಯ ಹೆಸರು ಹೊತ್ತ, 1907ರ ಕಟ್ಟಡ. ಹುಡುಗಿ ಕಾರಂಜಿಯ ಕಡೆ ಓಡಿದಳು.

"ನೀನು ನೋಡಿಲ್ಲ ಅಲ್ವಾ?" ಅತ್ತಿಗೆ ಮೆಲ್ಲಗೆ ಕೇಳಿದರು.

"ಇಲ್ಲ ಅತ್ತಿಗೆ."

"ನಾನೂ ನೋಡಿಲ್ಲ ಕಣೇ. ಮೈಸೂರಿಗೇ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ ಆಯ್ತು."

ಮಗು ಫೋಟೋ ಕೇಳಿದ್ದಾಳೆ. ಡಿಸೆಂಬರಿನಲ್ಲಿ ಬರುತ್ತೇನೆ.