ಹೆಡರ್ ಒಡೆದೆವು, ಬೋಟಿನ ಪೆಟ್ಟಿಗೆ ನಿಲ್ಲಲಿಲ್ಲ

ಹೆಡರ್ (ಹಲವು ಕೋಡ್ ಫೈಲುಗಳು ಇನ್‌ಕ್ಲೂಡ್ ಮಾಡಿಕೊಂಡು ಹಂಚಿಕೊಳ್ಳುವ ಫೈಲು) ಜೋಡಿಸುವುದು ಬಿಡುವಿದ್ದಾಗ ಮಾಡುವ ಕೆಲಸ ಅಂತ ನಮ್ಮ ಮ್ಯಾನೇಜರ್ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ನಮ್ಮದು ಮೀನುಗಾರಿಕೆ ಬೋಟಿಗೆ ಹಾಕುವ ಸಣ್ಣ ಲಿನಕ್ಸ್ ಪೆಟ್ಟಿಗೆ. ಫಿಟ್ಟಿಂಗ್ ತಂಡ ಕಾರವಾರದಲ್ಲಿ, ಹಾರ್ಡ್‌ವೇರ್ ನಡೆಸುವ ಕೋಡ್, ಅಂದರೆ ಡ್ರೈವರ್, ಬರೆಯುವ ಕೆಲಸ ಶಿರಸಿಯಲ್ಲಿ, ನನ್ನ ಮನೆಯಿಂದ. ಲಿನಕ್ಸಿನ ತಿರುಳಾದ ಕರ್ನಲ್ಲಿನ 6.12 ವರ್ಷನ್ನಿಗೆ ಹೋಗುವಾಗ ಮೊದಲ ಎರರ್ ಬಂದದ್ದೇ ಹೆಡರಿನಿಂದ. ಆ ವರ್ಷನ್ನಿನಲ್ಲಿ ಅನ್‌ಅಲೈನ್ಡ್.ಎಚ್ ಫೈಲು ಎಎಸ್‌ಎಂ ಬಿಟ್ಟು ಲಿನಕ್ಸ್ ಫೋಲ್ಡರಿಗೆ ಹೋಗಿದೆ. ಒಂದು ಸಾಲು ತಿದ್ದಿದರೆ ಮುಗಿಯಿತು. ಆದರೆ ನಮ್ಮಲ್ಲಿ ಬೋರ್ಡ್.ಎಚ್ ಅಂತ ಹೆಡರ್ ಒಂದಿತ್ತು, ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಬರುವಂಥದ್ದು. ಒಂದು ಪಿನ್ ನಂಬರ್ ಬದಲಿಸಿದರೂ ಎಲ್ಲ ಡ್ರೈವರ್ ಮತ್ತೆ ಕಂಪೈಲ್ ಆಗಬೇಕು. ಅದನ್ನೂ ಒಡೆದೆವು. ಪ್ರತಿ ಫೈಲು ತನಗೆ ಬೇಕಾದ್ದನ್ನು ತಾನೇ ಇನ್‌ಕ್ಲೂಡ್ ಮಾಡಲಿ ಅಂತ. ಬಿಲ್ಡ್ ಪಾಸ್, ಒಂದೂ ವಾರ್ನಿಂಗ್ ಇಲ್ಲ. ಮೇಜಿನ ಮೇಲಿನ ಬೋರ್ಡ್ ರಾತ್ರಿಯಿಡೀ ಓಡಿತು.

ಬೆಳಿಗ್ಗೆ ಬೈತಖೋಲ್ ಬಂದರಿನಿಂದ ಫೋನ್. "ಅಣ್ಣಾ, ಪೆಟ್ಟಿಗೆ ಆನ್ ಆಗ್ತದೆ, ಸ್ವಲ್ಪ ಹೊತ್ತಿಗೆ ತಾನೇ ರೀಬೂಟ್ ಆಗ್ತದೆ. ಬೋಟ್ ಹೊರಡ್ಬೇಕು, ಮಾಲೀಕರು ಇಲ್ಲೇ ನಿಂತಿದ್ದಾರೆ."

ಎಲ್ಲರ ಕಣ್ಣು ಬ್ಯಾಟರಿ ಮೇಲೆ. ಫೋನ್ ಮಾಡಿದ ಫಿಟ್ಟಿಂಗ್ ಹುಡುಗ ವೋಲ್ಟೇಜ್ ನೋಡಿದ, ಸರಿ ಇತ್ತು. ವೈರ್ ಬದಲಿಸಿದ, ಮತ್ತೆ ರೀಬೂಟ್. ಲಾಗ್ ಕಳಿಸಿದ. ಕರ್ನಲ್ ಎಡವಿದಾಗ ಬರೆಯುವ ಪ್ಯಾನಿಕ್ ಇಲ್ಲ, ಊಪ್ಸ್ ಇಲ್ಲ, ಸಾಲು ಅರ್ಧಕ್ಕೇ ತುಂಡು. ಫೋನಿನಲ್ಲಿ ಎಂಜಿನ್ ಶುರುವಾದ ಸದ್ದು ಕೇಳುತ್ತಿತ್ತು. ಅರ್ಧಕ್ಕೇ ತುಂಡಾದ ಆ ಸಾಲು ನೋಡಿ ಹೊಳೆಯಿತು: ಇದು ಆಗಾಗ ಪಲ್ಸ್ ಸಿಗದಿದ್ದರೆ ಪೆಟ್ಟಿಗೆಯನ್ನು ಮತ್ತೆ ಶುರು ಮಾಡಿಸುವ ಹೊರಗಿನ ವಾಚ್‌ಡಾಗ್ ಚಿಪ್ ಮಾಡುವ ರೀಸೆಟ್. ಡ್ರೈವರ್ ಅದಕ್ಕೆ ಪಲ್ಸ್ ಕೊಡುತ್ತಿಲ್ಲ. ಮೇಜಿನ ಬೋರ್ಡಿನಲ್ಲಿ ಡಿಬಗ್‌ಗೆ ಅಂತ ಆ ಚಿಪ್ಪನ್ನು ಜೋಡಿಸುವ ಸಣ್ಣ ಕೊಂಡಿ, ಅಂದರೆ ಜಂಪರ್, ತೆಗೆದಿಟ್ಟಿರುತ್ತೇವೆ, ಅದಕ್ಕೇ ಅಲ್ಲಿ ಸಿಕ್ಕಿಬೀಳಲಿಲ್ಲ.

ಹಳೇ ಸಾಫ್ಟ್‌ವೇರ್ ಇಮೇಜ್ ಹಾಕಿಸಿ ಬೋಟ್ ಕಳಿಸಿದೆವು. ಆಮೇಲೆ ಆ ಡ್ರೈವರಿನ .ಐ ಫೈಲ್ (ಹೆಡರ್, ಮ್ಯಾಕ್ರೋ ಎಲ್ಲ ಬಿಡಿಸಿದ ಮೇಲೆ ಕಂಪೈಲರಿಗೆ ಸಿಗುವ ಕೋಡ್) ಮಾಡಿಸಿ ನೋಡಿದೆ. ಪಲ್ಸ್ ಕೊಡುವ ಫಂಕ್ಷನ್ನೂ ಇಲ್ಲ, ಅದನ್ನು ಕರೆಯುವ ಸಾಲೂ ಇಲ್ಲ. ಎರಡೂ, ಮ್ಯಾಕ್ರೋ ಅನ್ನುವ ಒಂದು ಹೆಸರು ಇದ್ದರೆ ಮಾತ್ರ ಕೋಡ್ ಸೇರಿಸುವ ಒಂದು ಇಫ್‌ಡೆಫ್ ಒಳಗಿದ್ದವು. ಆ ಮ್ಯಾಕ್ರೋ ಇದ್ದದ್ದು ಬೋರ್ಡ್.ಎಚ್‌ನಲ್ಲಿ. ಫಂಕ್ಷನ್ ಸಿಗದಿದ್ದರೆ ಕಂಪೈಲರ್ ಕೂಗುತ್ತದೆ. ಇಫ್‌ಡೆಫ್‌ನ ಮ್ಯಾಕ್ರೋ ಸಿಗದಿದ್ದರೆ ಸುಮ್ನೆ ಕೋಡನ್ನೇ ಬಿಟ್ಟು ಮುಂದೆ ಹೋಗುತ್ತದೆ. ಈಗ ನಮ್ಮ ಮ್ಯಾಕ್ರೋಗಳಿಗೆಲ್ಲ ಸೊನ್ನೆ ಅಥವಾ ಒಂದು ಬೆಲೆ ಕೊಟ್ಟು, ಬರೀ ಇಫ್ ಬಳಸುತ್ತೇವೆ. ಆಗ ಮ್ಯಾಕ್ರೋ ಕಾಣೆಯಾದರೆ ಕಂಪೈಲರಿನಿಂದ ಡಬ್ಲ್ಯುಅಂಡೆಫ್ ವಾರ್ನಿಂಗ್ ಬರುತ್ತದೆ.

ಇದು ಸಣ್ಣ ಕೆಲಸ ಅನ್ನುವವರು 2022ರ ಜನವರಿ ನೆನಪಿಸಿಕೊಳ್ಳಲಿ. ಹಿರಿಯ ಕರ್ನಲ್ ಡೆವಲಪರ್ ಇಂಗೋ ಮೋಲ್ನಾರ್ ಲಿನಕ್ಸ್ ಹೆಡರ್ ಬಿಡಿಸಲು ಒಂದು ವರ್ಷಕ್ಕೂ ಜಾಸ್ತಿ ಕೂತು, ಸುಮಾರು 2,300 ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದರು. ಅಷ್ಟು ಅನುಭವ ಇದ್ದವರಿಗೇ ಅಷ್ಟು ಸಮಯ ಬೇಕಾಯಿತು, ಅಲ್ವಾ?

ಕರ್ನಲ್ ಜೊತೆಗೇ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಆಬ್ಜ್‌ಡಿಫ್ ಅಂತ ಟೂಲ್ ಬರುತ್ತದೆ. ಬದಲಾವಣೆಗೆ ಮುಂಚೆ ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಕೋಡ್, ಆಮೇಲಿನದು, ಎರಡನ್ನೂ ಹೋಲಿಸುತ್ತದೆ. ಹೆಡರ್ ಪ್ಯಾಚಿಗೆ ಅದರ ಔಟ್‌ಪುಟ್ ಇಲ್ಲದೆ ನಾನು ರಿವ್ಯೂನಲ್ಲಿ ಸಹಿ ಹಾಕುವುದಿಲ್ಲ. ಜಂಪರ್ ಹಾಕಿದ ಇನ್ನೊಂದು ಬೋರ್ಡ್ ಬೇಕು ಅಂತಲೂ ಬರೆದು ಕೊಟ್ಟಿದ್ದೇನೆ. ಬಜೆಟ್ ನೋಡ್ತೇವೆ ಅಂದಿದ್ದಾರೆ.